ಆರ್ವಿಡ್ ಥಾರ್ಸನ್ ಬರೆಯಲು ಮರೆತ ನಿಯಮ

ಆರ್ವಿಡ್ ಥಾರ್ಸನ್ ಅವರು ಮೂವತ್ತೆಂಟು ವರ್ಷ ನಮ್ಮ ವಿಸ್ಕಾನ್ಸಿನ್ ಸೀಮೆಯ ರಸ್ತೆಗಳನ್ನು ಅಳೆದವರು. ಬಿಡುವಿನಲ್ಲಿ ನಕ್ಷತ್ರಗಳ ನಡುವಿನ ದೂರವನ್ನೂ ಅಳೆಯುತ್ತಿದ್ದರು. 1979ರಲ್ಲಿ ಅವರು 'ದೂರದ ಬಂದರು' ಎಂಬ ಆಟದ ಪುಸ್ತಕವೊಂದನ್ನು ಬರೆದು ಅಚ್ಚು ಹಾಕಿಸಿದರು. ಐದಾರು ಮಂದಿ ಮೇಜಿನ ಸುತ್ತ ಕುಳಿತು, ತಾವೊಂದು ಹಳೆಯ ಸರಕು ನೌಕೆಯ ಸಿಬ್ಬಂದಿಯೆಂದು ಭಾವಿಸಿಕೊಂಡು, ಬಾಯಿಮಾತಿನಲ್ಲೇ ನಕ್ಷತ್ರದಿಂದ ನಕ್ಷತ್ರಕ್ಕೆ ಪಯಣಿಸುವ ಆಟ ಅದು. ಒಬ್ಬರು ಕಥೆ ನಡೆಸುತ್ತಾರೆ. ಬದುಕುವುದೋ ಸಾಯುವುದೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ.

ಇದನ್ನು ಬರೆಯುತ್ತಿರುವ ನಾನು ಇಲ್ಲಿನ ಲೂಥರನ್ ಸಭೆಯ ಉಪದೇಶಿ. 1984ರಲ್ಲಿ, ಈ ಆಟ ಎಳೆಯರನ್ನು ದೇವರಿಂದ ದೂರ ಒಯ್ಯುತ್ತದೆಂದು ಒಂದು ಗಂಟೆ ಪ್ರಸಂಗ ಮಾಡಿ, ಅವರು ಆಡುತ್ತಿದ್ದ ಮೇಜನ್ನು ದೇವಾಲಯದ ನೆಲಮಾಳಿಗೆಯಿಂದ ಹೊರಗೆ ಹಾಕಿಸಿದವನು ನಾನೇ. ಮರುಭಾನುವಾರ ಆರ್ವಿಡ್ ಎಂದಿನಂತೆ ನಾಲ್ಕನೆಯ ಬೆಂಚಿನಲ್ಲಿ ಕುಳಿತಿದ್ದರು. ಆಟ ಅವರ ಗೆಳೆಯ ಮರ್ಲ್ ಕ್ಲಾಪ್ ಅವರ ಗ್ಯಾರೇಜಿಗೆ ಹೋಯಿತು. ನೆಲಮಾಳಿಗೆಯ ಕೀಲಿಯನ್ನು ಆರ್ವಿಡ್ ಅವರ ಕೈಗೆ ಮರಳಿಸಿ ಕ್ಷಮೆ ಕೇಳಲು ನನಗೆ ಹತ್ತು ವರ್ಷ ಹಿಡಿಯಿತು. ಕರ್ತನು ನನ್ನನ್ನು ತಾಳಿಕೊಂಡನು, ಅವರೂ ತಾಳಿಕೊಂಡರು.

ಆ ಮೇಜಿನ ಆರು ಮಂದಿಯಲ್ಲಿ ನಾಲ್ವರು ಈಗ ದೇವಾಲಯದ ಹಿಂದಿನ ಸ್ಮಶಾನದಲ್ಲಿದ್ದಾರೆ. ಆರ್ವಿಡ್ ಮತ್ತು ಮರ್ಲ್ ಉಳಿದಿದ್ದಾರೆ. ತಾವಿಬ್ಬರೂ ಹೋದರೆ ಆಟವೂ ಹೋಗುತ್ತದೆಂಬುದೇ ಆರ್ವಿಡ್ ಅವರ ಕೊರಗು. ಹೀಗಿರುವಾಗ ಮಿಲ್ವಾಕಿಯ ಪ್ರಕಾಶಕಿಯೊಬ್ಬರು, ಹೊಸಬರಿಗೆ ತಿಳಿಯುವಂತೆ ತಿದ್ದಿದರೆ ಪುಸ್ತಕವನ್ನು ಮರುಮುದ್ರಿಸುವೆನೆಂದು ಬರೆದರು. ಷರತ್ತು ಒಂದೇ. ಆಟವನ್ನು ಎಂದೂ ನೋಡದವರು ಪುಸ್ತಕವನ್ನಷ್ಟೇ ಓದಿ ಆಡಬೇಕು. ಬರೆದವರು ಹತ್ತಿರವಿದ್ದರೂ ತುಟಿ ಬಿಚ್ಚಕೂಡದು. ಕೊನೆಗೆ ಆಡಿದವರು 'ಮತ್ತೆ ಆಡುತ್ತೇವೆ' ಎಂದು ಗುರುತು ಹಾಕಬೇಕು.

ಎರಡು ವರ್ಷ ಅವರು ತಿದ್ದಿದರು. ಪ್ರತಿ ಅಧ್ಯಾಯವನ್ನೂ ತಂದು ನನ್ನ ಮುಂದೆ ಕುಕ್ಕುತ್ತಿದ್ದರು.

"ಇನ್ನೆಷ್ಟು ಬಿಡಿಸಿ ಹೇಳ್ಬೇಕು ಇವರಿಗೆ? ಚಮಚದಲ್ಲಿ ತಿನ್ನಿಸ್ಲಾ?"

"ತಿನ್ನಿಸು," ಎನ್ನುತ್ತಿದ್ದರು ಜೊತೆಗೆ ಬಂದ ಮರ್ಲ್. "ನಿನ್ನ ನಕ್ಷತ್ರದ ದೂರದ ಕೋಷ್ಟಕ ಹದಿನೆಂಟು ಪುಟ ಇದೆ. ಅದನ್ನ ನುಂಗೋಕೆ ಚಮಚ ಸಾಲಲ್ಲ, ಸಲಿಕೆ ಬೇಕು."

ಏಪ್ರಿಲಿನ ಒಂದು ಶನಿವಾರ ಮಧ್ಯಾಹ್ನ, ಪಕ್ಕದ ಊರಿನ ನಾಲ್ವರು ನಮ್ಮ ನೆಲಮಾಳಿಗೆಗೆ ಬಂದರು. ದಂತವೈದ್ಯರ ಬಳಿ ಕೆಲಸ ಮಾಡುವ ಥೀಯಾ, ಅವಳೊಂದಿಗೆ ಬೌಲಿಂಗ್ ಆಡುವ ಮೂವರು. ಮರ್ಲ್ ಮೇಜನ್ನು ನಲವತ್ತು ವರ್ಷಗಳ ರೂಢಿಯಂತೆ ಅಣಿಗೊಳಿಸಿದ್ದರು: ದಾಳಗಳು, ಪೆನ್ಸಿಲ್ಲುಗಳು, ತಮ್ಮ ತಾಯಿಯ ಕಾಲದ ಕೋಟಿನ ಗುಂಡಿಗಳ ತಗಡಿನ ಡಬ್ಬಿ. ಬಂದವರು ಡಬ್ಬಿಯನ್ನು ಹೊಲಿಗೆ ಕೂಟದ ಹೆಂಗಸರು ಬಿಟ್ಟುಹೋದದ್ದೆಂದು ತಿಳಿದು ಪಕ್ಕಕ್ಕೆ ಸರಿಸಿದರು. ಆರ್ವಿಡ್ ಗೋಡೆಯ ಬಳಿ, ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ನನ್ನ ಪಕ್ಕದಲ್ಲಿ ಕುಳಿತರು.

ಥೀಯಾ ಪುಸ್ತಕ ಓದುತ್ತ ಆಟ ನಡೆಸಿದಳು. ನೌಕೆ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಜಿಗಿದಾಗಲೆಲ್ಲ, ಗಾಳಿ ಸಾಕಾಯಿತೇ ಎಂದು ಪ್ರತಿಯೊಬ್ಬರೂ ದಾಳ ಹಾಕಬೇಕು. ಮೊದಲ ಜಿಗಿತದಲ್ಲೇ ಇಬ್ಬರು ಸತ್ತರು, ಎರಡನೆಯದರಲ್ಲಿ ಉಳಿದವನೂ ಸತ್ತ. ಹೊಸ ಹೆಸರಿಟ್ಟುಕೊಂಡು ಮತ್ತೆ ಹೊರಟರು. ಅರ್ಧ ಗಂಟೆಯಲ್ಲಿ ಮತ್ತೆ ಎಲ್ಲರೂ ಸತ್ತರು.

"ನಾನು ಕಾಫಿ ಕುಡಿಯೋದ್ರೊಳಗೆ ಎರಡು ಸಲ ಸತ್ತೆ," ಎಂದ ಅವರಲ್ಲೊಬ್ಬನಾದ ಕಾರ್ಬಿನ್. "ಇದು ಆಟಾನಾ, ಶಿಕ್ಷೇನಾ?"

"ಓದೋಕೆ ಬರಲ್ವಾ ಇವರಿಗೆ?" ಎಂದು ಆರ್ವಿಡ್ ನನ್ನ ಕಿವಿಯಲ್ಲಿ ಕುದಿದರು. ನಾನು ತುಟಿಯ ಮೇಲೆ ಬೆರಳಿಟ್ಟೆ.

ಮೂರನೆಯ ಸಲವೂ ಕಾರ್ಬಿನ್‌ನ ದಾಳ ಸೋತಿತು. ಅವನ ಲೋಟಕ್ಕೆ ಕಾಫಿ ಸುರಿಯುತ್ತಿದ್ದ ಮರ್ಲ್, ತಲೆಯೆತ್ತಿಯೂ ನೋಡದೆ, ಇನ್ನೊಂದು ಕೈಯಿಂದ ಡಬ್ಬಿಯ ಕಪ್ಪು ಗುಂಡಿಯೊಂದನ್ನು ಅವನ ಮುಂದಕ್ಕೆ ತಳ್ಳಿದರು.

"ತಗೋ, ಉಸಿರು."

"ಇದೇನಿದು?"

"ಗಾಳಿ ಕಣಯ್ಯ. ನನ್ನ ಪಾಲಿಂದು ನಿಂಗೆ ಕೊಟ್ಟೆ. ಇನ್ನೊಂದ್ಸಲ ದಾಳ ಹಾಕು."

ಥೀಯಾ ಪುಸ್ತಕದಿಂದ ತಲೆಯೆತ್ತಿದಳು. "ಇದು ಇಲ್ಲಿ ಎಲ್ಲಿದೆ, ಕ್ಲಾಪ್ ಅವರೇ?"

"ಇರುತ್ತಲ್ಲಮ್ಮ. ಆರ್ವಿಡ್, ಯಾವ ಪುಟ?"

"ಅರವತ್ತೊಂದು," ಎಂದುಬಿಟ್ಟರು ಆರ್ವಿಡ್, ಮೌನದ ಷರತ್ತನ್ನು ಮರೆತು.

ಅರವತ್ತೊಂದರಲ್ಲಿ ಇರಲಿಲ್ಲ. ಅವರು ಎದ್ದುಬಂದು ಪುಸ್ತಕ ಕಿತ್ತುಕೊಂಡು ಹುಡುಕಿದರು. ಕಾರಿನಿಂದ 1979ರ ಪ್ರತಿಯನ್ನು ತಂದರು. ಅದರಲ್ಲಿಯೂ ಇರಲಿಲ್ಲ.

"ನೀನು ಬರ್ದಿದ್ದೀಯ ಅಂದ್ಕೊಂಡಿದ್ದೆ," ಎಂದರು ಮರ್ಲ್.

"ನೀನು ಟೈಪ್ ಮಾಡಿದ್ದೀಯ ಅಂದ್ಕೊಂಡಿದ್ದೆ."

ನಿಯಮ ಇಷ್ಟೇ. ಒಬ್ಬೊಬ್ಬರಿಗೂ ಮೂರು ಗುಂಡಿ. ತನ್ನ ಗುಂಡಿಯಿಂದ ತಾನು ಬದುಕುವಂತಿಲ್ಲ. ಇನ್ನೊಬ್ಬರಿಗೆ ಕೊಟ್ಟು ಅವರನ್ನು ಉಳಿಸಬಹುದು. ಊಟಕ್ಕೆ ಮುಂಚೆ ತಲೆಬಾಗಿಸುವಷ್ಟು ಸಹಜವಾಗಿ ಆ ಆರು ಮಂದಿ ಇದನ್ನು ನಡೆಸಿಕೊಂಡು ಬಂದಿದ್ದರಿಂದ, ಬರೆಯಬೇಕೆಂದು ಯಾರಿಗೂ ತೋಚಿರಲಿಲ್ಲ. ಆಟ ಬೇಗ ಮುಗಿಯುತ್ತದೆಂದು ದೂರಿ ಆ ಕಾಲದಲ್ಲಿ ಬಂದ ಕಾಗದಗಳಿಗೆಲ್ಲ ಆರ್ವಿಡ್, 'ದಯವಿಟ್ಟು ಪುಸ್ತಕವನ್ನು ಇನ್ನೊಮ್ಮೆ ಗಮನವಿಟ್ಟು ಓದಿ' ಎಂದು ಉತ್ತರಿಸಿದ್ದರು. ಅದನ್ನು ನೆನೆದು ಅವರ ಕಿವಿಗಳು ಕೆಂಪಾದವು. ನನ್ನ ಮುಖವೂ ಕೆಂಪಾಗಿತ್ತು. ಮನುಷ್ಯನು ತನ್ನ ಬಲದಿಂದ ತಾನು ಉಳಿಯಲಾರನೆಂದು ನಾನು ಮೇಲೆ ಪ್ರಸಂಗಿಸುತ್ತಿದ್ದ ಕಾಲದಲ್ಲಿ, ಕೆಳಗಿನ ಮೇಜಿನಲ್ಲಿ ಅದೇ ಮಾತು ಕೋಟಿನ ಗುಂಡಿಗಳ ರೂಪದಲ್ಲಿ ನಡೆಯುತ್ತಿತ್ತು. ಒಮ್ಮೆಯೂ ಇಳಿದು ನೋಡದೆ ಅವರನ್ನು ಹೊರಗೆ ಹಾಕಿಸಿದ್ದೆ.

ಥೀಯಾ ಪ್ರಕಾಶಕಿ ಕಳುಹಿಸಿದ್ದ ಹಾಳೆಯಲ್ಲಿ 'ಇಲ್ಲ' ಎಂದು ಗುರುತು ಹಾಕಿದಳು. "ಗುಂಡಿ ಇದ್ರೆ ನಾಳೆನೇ ಬಂದು ಆಡ್ತೀನಿ. ಆದ್ರೆ ಇವರು ಕೇಳಿರೋದು ಪುಸ್ತಕದ ಬಗ್ಗೆ. ಸುಳ್ಳು ಬರೆಯೋಕಾಗಲ್ಲ."

ಪ್ರಕಾಶಕಿ ಇನ್ನೊಂದೇ ಅವಕಾಶ ಕೊಟ್ಟರು: ಜೂನಿನಲ್ಲಿ, ಬೇರೆ ಊರಿನಲ್ಲಿ, ಬೇರೆಯವರಿಂದ, ಆರ್ವಿಡ್ ಇಲ್ಲದೆ. ಆರ್ವಿಡ್ ಗುಂಡಿಯ ನಿಯಮವನ್ನು ಬರೆಯಲು ಕುಳಿತರು. ಹನ್ನೊಂದು ಪುಟವಾಯಿತು, ಗುಂಡಿಯ ಸುತ್ತಳತೆಯೂ ಅದರಲ್ಲಿತ್ತು. ಓದಿದ ನನಗೇ ಉಸಿರು ಕಟ್ಟಿತು. ಹರಿದು ಹಾಕಿ, ಮತ್ತೆ ಬರೆದು, ಮತ್ತೆ ಹರಿದರು. ಕಡೆಗೆ, ಹಲ್ಲು ಕಚ್ಚಿಕೊಂಡು, ನನ್ನ ಎದುರಿನಲ್ಲೇ ಥೀಯಾಳಿಗೆ ಫೋನ್ ಮಾಡಿದರು.

"ನೀನೇ ಬರೆದು ಕೊಡಮ್ಮ. ನಾನು ಓದಿದ್ರೆ ಅಲ್ಲಿ ಇಲ್ದೇ ಇರೋದೂ ಕಾಣುತ್ತೆ."

ಅವಳು ನಾಲ್ಕು ಸಾಲು ಬರೆದು ಕಳುಹಿಸಿದಳು. ಇದು ಮೊದಲನೆಯ ಪುಟದಲ್ಲಿರಲಿ, ದೂರದ ಕೋಷ್ಟಕ ಪುಸ್ತಕದ ಕೊನೆಗೆ ಹೋಗಲಿ ಎಂದೂ ಬರೆದಿದ್ದಳು. "ಹದಿನೆಂಟು ಪುಟ," ಎಂದು ಆರ್ವಿಡ್ ಒಂದು ವಾರ ಎಲ್ಲರ ಮುಂದೆಯೂ ಗೊಣಗಿದರು. ಆದರೆ ಹಾಗೆಯೇ ಮಾಡಿದರು.

ಜೂನಿನ ಕೊನೆಯ ಭಾನುವಾರ ಆರಾಧನೆ ಮುಗಿದ ಮೇಲೆ ಅವರು ಬೆಂಚಿನಿಂದ ಏಳಲಿಲ್ಲ. ಮಿಲ್ವಾಕಿಯ ಕಾಗದ ಕೈಯಲ್ಲಿತ್ತು. ಈ ಸಲ ಆಡಿದ ಹೊಸಬರು ನಾಲ್ವರೂ 'ಮತ್ತೆ ಆಡುತ್ತೇವೆ' ಎಂದು ಗುರುತು ಹಾಕಿದ್ದರು. ಪುಸ್ತಕ ಅಚ್ಚಿಗೆ ಹೋಗಲಿತ್ತು. ನಾನು ಅವರ ಭುಜ ಹಿಡಿದು ದೇವರಿಗೆ ಸ್ತೋತ್ರ ಹೇಳಿದೆ. ಅವರ ಮುಖ ಮಾತ್ರ ಗಂಟಿಕ್ಕಿಕೊಂಡೇ ಇತ್ತು.

"ಗುಂಡಿ ಬದಲು ಒಣ ಬೀನ್ಸ್ ಇಟ್ಕೊಂಡು ಆಡಿದ್ರಂತೆ. ಗುಂಡಿ ಅಂತ ಮೊದಲನೇ ಪುಟದಲ್ಲೇ ಇದೆ. ಕಣ್ಣಿಲ್ವಾ ಅವರಿಗೆ?"

"ಮನೇಲಿ ಗುಂಡಿ ಇರ್ಲಿಲ್ವೇನೋ," ಎಂದರು ಪಕ್ಕದಲ್ಲಿ ಕುಳಿತಿದ್ದ ಮರ್ಲ್. "ಒಬ್ರಿಗೊಬ್ರು ಕೊಟ್ಕೊಂಡ್ರಾ, ಇಲ್ವಾ?"

"ಕೊಟ್ಕೊಂಡ್ರಂತೆ."

"ಮತ್ತೇನು ನಿನ್ನ ಗೋಳು?"

ಆರ್ವಿಡ್ ಜೇಬಿನಿಂದ ಪೆನ್ಸಿಲ್ ತೆಗೆದು ಆರಾಧನಾ ಕ್ರಮದ ಹಾಳೆಯ ಹಿಂಬದಿಯಲ್ಲಿ 'ಗುಂಡಿ ಇಲ್ಲದಿದ್ದರೆ ಬೀನ್ಸ್ ಆಗಬಹುದು' ಎಂದು ಬರೆದರು. ಸಿಡುಕುತ್ತ ಹೊಡೆದುಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ಅದನ್ನೇ ಅದರ ಕೆಳಗೆ ಮತ್ತೆ ಬರೆದರು.