ಆನಾ ಅಂದರೆ ಆನಾ

ನನಗೆ ಆನಾ ಅಂತ ಹೆಸರಿಟ್ಟವಳು ಅಮ್ಮ. ಹಿರಿಯೂರಿನ ಆಸ್ಪತ್ರೆಯಲ್ಲಿ ನಾನು ಹುಟ್ಟುವಾಗ ಅವಳ ಜೀವಕ್ಕೇ ಕುತ್ತು ಬಂದಿತ್ತಂತೆ. ಆಗ ಪಕ್ಕ ಬಿಟ್ಟು ಕದಲದೆ ಕೂತಿದ್ದ ಕೇರಳದ ನರ್ಸಮ್ಮನ ಹೆಸರದು. ಲಿಂಗ ಕಟ್ಟುವ ಮನೆಯ ಕೂಸಿಗೆ ಕ್ರಿಶ್ಚಿಯನ್ನರ ಹೆಸರು ಯಾಕೆ ಅಂತ ಅಜ್ಜಿ ಜಗಳಕ್ಕೆ ನಿಂತಳು. ಅಮ್ಮ ಜಗ್ಗಲಿಲ್ಲ. ಸ್ಕೂಲಲ್ಲಿ ಹುಡುಗರು ಆನೆ, ಆನೆ ಅಂತ ಕೈಯನ್ನೇ ಸೊಂಡಿಲು ಮಾಡಿ ಆಡಿಸುತ್ತಿದ್ದರು. ಒಬ್ಬನಿಗೆ ಸ್ಲೇಟಲ್ಲಿ ಬಾರಿಸಿದ ಮೇಲೆ ಅದೂ ನಿಂತಿತು.

ಕಾಲೇಜಿಗೆ ಬಂದಾಗ ಆ ಹೆಸರಿನ ಅರ್ಥವನ್ನು ಮೊಬೈಲಿನಲ್ಲಿ ಹುಡುಕಿದೆ. ಹೀಬ್ರೂ ಬೈಬಲ್ಲಿನಲ್ಲಿ ಅದು ಹನ್ನಾ, ಅಂದರೆ ಕೃಪೆ. ಆ ಹನ್ನಾ ಮಕ್ಕಳಿಲ್ಲವೆಂದು ಸವತಿಯಿಂದ ಚುಚ್ಚಿಸಿಕೊಂಡು, ಗುಡಿಯಲ್ಲಿ ತುಟಿ ಮಾತ್ರ ಅಲ್ಲಾಡಿಸಿ ಬೇಡಿಕೊಂಡ ಹೆಂಗಸು. ಕುಡಿದು ಬಂದಿದ್ದೀಯ ಎಂದ ಪೂಜಾರಿಗೆ ಇಲ್ಲ ಅಂತ ನೇರವಾಗಿ ಹೇಳಿದವಳು. ಅದನ್ನು ಓದಿ ನನಗೆ ಬಲು ಖುಷಿಯಾಯಿತು. ಗ್ರೀಕಿಗೆ ಹೋಗುವಾಗ ಹಕಾರ ಬಿದ್ದು ಅನ್ನಾ ಆಯಿತಂತೆ. ಫ್ರೆಂಚರು ಆನ್ ಅಂದರು, ಸ್ಪೇನಿನವರು ಆನಾ, ರಷ್ಯಾದವರು ಮುದ್ದಿಗೆ ಆನ್ಯಾ. ಚೆಕ್ ದೇಶದವರು ಹಕಾರ ಇಟ್ಟುಕೊಂಡು ಹನಾ ಅಂದರು.

ಹೊಳಲ್ಕೆರೆಯ ಹುಡುಗನ ಜೊತೆ ಮದುವೆ ಗೊತ್ತಾಯಿತು. ಅಕ್ಷತೆ ಬೀಳುವ ಮುಂಚೆ ಅತ್ತೆ ಬಂದು ಒಬ್ಬ ದೇವಿಯ ಹೆಸರು ಹೇಳಿ, ಇವತ್ತಿನಿಂದ ಇದೇ ನಿನ್ನ ಹೆಸರು, ಮದುವೆ ಮಾಡಿಸೋ ಅಯ್ನೋರಿಗೂ ತಿಳಿಸಿದ್ದೀವಿ ಎಂದರು. ಅದುವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಒಪ್ಪಿಕೋ ಅಂತ ಅಪ್ಪ ಕಣ್ಣಲ್ಲೇ ಬೇಡಿದ. ಹುಡುಗ ನೆಲ ನೋಡುತ್ತಿದ್ದ.

"ಅತ್ತೇರೇ, ನನಗೊಂದು ಹೆಸರು ಐತೆ. ಅದನ್ನ ಬಿಟ್ಟು ಬಾ ಅಂದ್ರೆ ನಾನೇ ಬರಲ್ಲ," ಅಂದೆ.

"ನನ್ನ ಹೆಸರೂ ಬದ್ಲಾಯಿಸಿದ್ರು. ನಾನೇನು ಸತ್ತೆನಾ?"

ಮೊದಲಿನದು ಏನಿತ್ತು ಅಂತ ಕೇಳಿದೆ. ಅವರು ಬಾಯಿ ತೆರೆದವರು, ಸುತ್ತ ನಿಂತ ನೆಂಟರನ್ನು ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಗ ಹುಡುಗ ತಲೆ ಎತ್ತಿದ.

"ಅಯ್ನೋರೇ, ಆನಾ ಅಂತಲೇ ಅನ್ರಿ."

ಮದುವೆ ಆಯಿತು. ಅತ್ತೆ ಇವತ್ತಿಗೂ ನನ್ನನ್ನು ಹಿರಿಯೂರಾಕೆ ಅಂತಲೇ ಕರೆಯುತ್ತಾರೆ. ಕರೆಯಲಿ. ರೇಷನ್ ಕಾರ್ಡಿಗೆ ನನ್ನನ್ನು ಸೇರಿಸುವ ದಿನ ಕಚೇರಿಯಲ್ಲಿ ತಾವೇ ಮುಂದಾಗಿ ದೇವಿಯ ಹೆಸರು ಬರೆಸಿದರು, ಅವರೆದುರೇ ಆನಾ ಅಂತ ತಿದ್ದಿಸಿದೆ. ಬರುವಾಗ ಆಟೋದಲ್ಲಿ ಅವರು ಮುಖ ಆಚೆ ತಿರುಗಿಸಿ ಕೂತರು. ಮರುದಿನ ಒಲೆ ಮುಂದೆ ಇಬ್ಬರೂ ರೊಟ್ಟಿ ತಟ್ಟುವಾಗಲೂ ಮುಖ ಆಚೆಗೇ ಇತ್ತು. ಸಿಟ್ಟು ನಿಧಾನವಾಗಿಯೇ ಇಳಿಯಲಿ, ನನಗೇನೂ ಅವಸರವಿಲ್ಲ. ಈ ಮನೆಯಲ್ಲೇ ಬಾಳಬೇಕು, ನನ್ನ ಹೆಸರಿನಲ್ಲೇ ಬಾಳುತ್ತೇನೆ.