ತೇರಗಾಂವದ ಮದುವೆಯಲ್ಲಿ ಅಪ್ಪ

ಅಕ್ಕನ ಮದುವೆಯ ಫೋಟೋ ನಮ್ಮ ದಾಂಡೇಲಿ ಮನೆಯ ಪಡಸಾಲೆಯಲ್ಲಿ, ಟಿವಿಯ ಮೇಲ್ಗಡೆ ತೂಗುತ್ತದೆ. ತೇರಗಾಂವದಲ್ಲಿ ಹಾಕಿದ ಹಂದರ, ನಡುವೆ ಅಕ್ಕ ಮತ್ತು ಅವಳ ಗಂಡ, ಪಕ್ಕದಲ್ಲಿ ಅವ್ವ, ಅತ್ತು ಮುಖ ಊದಿಸಿಕೊಂಡ ಏಳು ವರ್ಷದ ನಾನು, ನನ್ನ ಹಿಂದೆ ಅಪ್ಪ. ನಾನು ಡೈರಿ ಬರೆಯಲು ಶುರು ಮಾಡಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಹಾಗಾಗಿ ಆ ದಿನಕ್ಕೆ ಈ ಫೋಟೋ ಒಂದೇ ಆಧಾರ. ಅಕ್ಕ ಹೊರಡುವಾಗ ನಾನು ಅತ್ತದ್ದು, ಅಪ್ಪ ಹಿಂದಿನಿಂದ ಬಂದು ಬಲ ಹೆಗಲ ಮೇಲೆ ಕೈ ಇಟ್ಟದ್ದು ಅದನ್ನು ನೋಡಿದಾಗಲೆಲ್ಲ ನೆನಪಾಗುತ್ತಿತ್ತು. ಅಪ್ಪ ಮುಟ್ಟಿ ಸಮಾಧಾನ ಮಾಡುವ ಮನುಷ್ಯನಲ್ಲ. ಆ ಒಂದು ಸಲ ಮಾಡಿದ್ದ. ಅವನ ಮೇಲೆ ಸಿಟ್ಟು ಬಂದಾಗ ಅದನ್ನೇ ನೆನೆದು ಸುಮ್ಮನಾಗುತ್ತಿದ್ದೆ.

ಕಳೆದ ತಿಂಗಳು ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಲು ಕೂತೆ. ಎಲ್ಲಿ, ಯಾವಾಗ, ಯಾರು ಎಂದು ಹಿಂಬದಿ ಪೆನ್ಸಿಲಿನಲ್ಲಿ ಬರೆಯದೆ ನಾನು ಯಾವುದನ್ನೂ ಡಬ್ಬಿಗೆ ವಾಪಸ್ ಹಾಕುವುದಿಲ್ಲ. ತಳದಲ್ಲಿ ಅಪ್ಪ ಗೆಳೆಯನ ಬೈಕಿಗೆ ಒರಗಿ ನಿಂತ ಫೋಟೋ ಸಿಕ್ಕಿತು. ಚೌಕುಳಿ ಅಂಗಿ, ಮೇಲೆದ್ದ ಎಡಗಡೆಯ ಕಾಲರು, ಕನ್ನಡಕದ ಒಂದು ಗಾಜಿನ ಮೇಲಷ್ಟೇ ಬಿಸಿಲಿನ ಹೊಳಪು. ಗೋಡೆಯ ಫೋಟೋ ಇಳಿಸಿ ಪಕ್ಕದಲ್ಲಿಟ್ಟೆ. ಅದೇ ಕಾಲರು. ಹಂದರದ ನೆರಳಿನಲ್ಲೂ ಗಾಜಿನ ಮೇಲೆ ಅದೇ ಬಿಸಿಲು. ನನ್ನ ಹೆಗಲ ಮೇಲೆ ಅವನ ಕೈಯೇ ಇರಲಿಲ್ಲ.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಎರಡನ್ನೂ ಅವಳ ಮುಂದೆ ಹಿಡಿದೆ. ಕೈಗೆ ಹಿಟ್ಟು ಹತ್ತಿದೆ, ಆಮೇಲೆ ನೋಡುತ್ತೇನೆ ಎಂದಳು. ನಾನು ಅಲ್ಲೇ ನಿಂತಿದ್ದಕ್ಕೆ ಹೇಳಿದಳು. ಅಕ್ಕ ತಾನೇ ಮೆಚ್ಚಿದ ಹುಡುಗನನ್ನು ಮಾಡಿಕೊಳ್ಳುತ್ತಿದ್ದಾಳೆಂದು ಅಪ್ಪ ಮದುವೆಯ ಹಿಂದಿನ ದಿನವೇ ಮುಂಡಗೋಡದ ಗೆಳೆಯನ ಮನೆಗೆ ಹೋಗಿ ಕೂತಿದ್ದ. ಅಕ್ಷತೆಯ ಅಕ್ಕಿಕಾಳು ಹಾಕಲೂ ಬರಲಿಲ್ಲ. ತೀರಿಕೊಂಡವರನ್ನು ಮನೆಮಂದಿಯ ಫೋಟೋದಲ್ಲಿ ಕೂಡಿಸಿಕೊಡುವ ಸ್ಟುಡಿಯೋ ಒಂದು ಹಳಿಯಾಳದಲ್ಲಿತ್ತು. ಅವ್ವ ಬೈಕಿನ ಫೋಟೋ ಒಯ್ದು, ಬದುಕಿದ್ದ ಗಂಡನನ್ನು ಕೂಡಿಸಿಕೊಂಡು ಬಂದಿದ್ದಳು. ಯಜಮಾನರು ಹೋಗಿ ಎಷ್ಟು ದಿನವಾಯಿತೆಂದು ಸ್ಟುಡಿಯೋದವನು ಕೇಳಿದನಂತೆ. ಅದನ್ನು ಹೇಳುವಾಗ ಅವ್ವ ನಕ್ಕಳು. ಅಕ್ಕನಿಗೂ ಎಲ್ಲ ಗೊತ್ತಿತ್ತಂತೆ.

"ನನಗ ಯಾಕ ಹೇಳಲಿಲ್ಲ?"

"ಅಪ್ಪ ಯಾಕ ಬರಲಿಲ್ಲ ಅಂತ ದಿನಾ ನನ್ನ ಜೀವಾ ತಿಂತಿದ್ದಿ. ಫೋಟೋ ಬಂದ ಮ್ಯಾಲೆ ಕೇಳೂದ ಬಿಟ್ಟಿ."

ಹಾಗಾದರೆ ನನಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಒಂದು ಫೋಟೋ ಕೊಟ್ಟು ನನ್ನಿಂದ ತೆಗೆದುಕೊಂಡಿದ್ದರು. ಆ ಕೈಯನ್ನು ಮಾತ್ರ ಯಾವ ಸ್ಟುಡಿಯೋದವನೂ ಅಂಟಿಸಿರಲಿಲ್ಲ. ಅದು ನನ್ನದೇ ಕೆಲಸ.

ಅಪ್ಪ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಗೋಡೆಯ ಫೋಟೋವನ್ನಷ್ಟೇ ಒಯ್ದು ಕೊಟ್ಟೆ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದ.

"ಅವತ್ತ ನೀ ಭಾಳ ಅತ್ತಿದ್ದಿ," ಎಂದ.

ಆಗ ನೀನೇನು ಮಾಡಿದೆ ಎಂದು ಕೇಳಿದೆ.

"ಏನ್ ಮಾಡೂದು? ನಿನ್ನ ಹಿಂದ ನಿಂತಿದ್ನಲ್ಲಾ, ಇಲ್ಲೇ," ಎಂದು ಫೋಟೋದಲ್ಲಿನ ತನ್ನ ಮುಖದ ಮೇಲೆ ಬೆರಳಿಟ್ಟು ತೋರಿಸಿದ.

ಅವನ ಮುಖದಲ್ಲಿ ಅಳುಕು ಹುಡುಕಿದೆ. ಸಿಗಲಿಲ್ಲ. ಸುಳ್ಳು ಹೇಳಿದನೋ, ಇಷ್ಟು ವರ್ಷ ಟಿವಿ ನೋಡುವಾಗಲೆಲ್ಲ ಕಣ್ಣಿಗೆ ಬೀಳುತ್ತಿದ್ದ ಆ ಫೋಟೋ ಅವನನ್ನೂ ಮದುವೆಗೆ ಕರೆದೊಯ್ದಿತ್ತೋ, ತಿಳಿಯಲಿಲ್ಲ. ಒಳಗೆ ರೊಟ್ಟಿಯ ಸದ್ದು ನಿಂತಿತ್ತು.

ಹಿಂಬದಿಯ ರಟ್ಟಿನ ಮೇಲೆ ಎಲ್ಲಿ, ಯಾವಾಗ ಎಂದು ಬರೆದೆ. ಯಾರು ಎಂಬಲ್ಲಿ ಐದು ಮುಖಗಳ ಪೈಕಿ ನಾಲ್ಕರ ಹೆಸರು ಬರೆದು ಪೆನ್ಸಿಲ್ ಇಟ್ಟೆ. ಅದನ್ನು ಇದ್ದಲ್ಲೇ ತೂಗುಹಾಕು ಎಂದು ಅಪ್ಪ ಹೊರಗಿನಿಂದ ಕೂಗಿದ. ತೂಗುಹಾಕಿದೆ.