ಹೊಲದಲ್ಲಿದ್ದ ಹಿರಿಮಗ

ಇಂಡಿ ಪಟ್ಟಣದ ಬಸ್‌ಸ್ಟ್ಯಾಂಡಿನ ಪಕ್ಕ ಟೆಂಪೊಗೆ ಲಿಂಬೆಹಣ್ಣಿನ ಚೀಲ ಏರಿಸುತ್ತಿದ್ದರೆ ಇಂದಿಗೂ ಒಂದು ಗಳಿಗೆ ನಿಂತುಬಿಡುತ್ತೇನೆ. ಆ ಹುಳಿಗಂಪಿನೊಳಗೆ ನಮ್ಮ ದೊಡ್ಡಪ್ಪ ಇದ್ದಾನೆ. ಚಿಕ್ಕಂದಿನಲ್ಲಿ ಯಂಕಂಚಿಯ ನಮ್ಮ ಮನೆಯಲ್ಲಿ ಅವನನ್ನು ಕಂಡವಳಲ್ಲ ನಾನು. ಹೊಲದ ಮನೆಯಲ್ಲಿ, ಲಿಂಬೆಗಿಡಗಳ ನಡುವೆ, ಮುಳ್ಳು ತರಚಿದ ಕೈಯಿಂದ ನನಗೊಂದು ಹಣ್ಣು ಕೊಡುತ್ತಿದ್ದವನನ್ನಷ್ಟೇ ಬಲ್ಲೆ. ಊರೊಳಗಿನ ಮನೆಯ ಹೊಸ್ತಿಲನ್ನು ಅವನು ತುಳಿಯುತ್ತಿರಲಿಲ್ಲ. ಅದಕ್ಕೆ ಕಾರಣ ನಾನೇ, ಅಂದರೆ ನನ್ನ ಜವಳ.

ನನ್ನ ಮೊದಲ ಕೂದಲು ತೆಗೆದ ದಿನ ಊರೆಲ್ಲ ಉಂಡಿತ್ತಂತೆ. ದೊಡ್ಡಪ್ಪ ಅಷ್ಟರಲ್ಲಿ ಬೇರೆಯಾಗಿ ಹೊಲದಲ್ಲಿ ಒಲೆ ಹೂಡಿದ್ದ. ಬೇರೆಯಾದ ಮೇಲೆ ಒಡಹುಟ್ಟಿದವರಿಗೂ ಮನೆಗೆ ಹೋಗಿ, ಕುಂಕುಮ ಹಚ್ಚಿ, ಊಟಕ್ಕೆ ಹೇಳಿ ಬರುವುದು ನಮ್ಮ ಕಡೆಯ ಪದ್ಧತಿ. ಅಪ್ಪ ಹೋಗಲಿಲ್ಲ. ಮನೆಯವನಿಗೆ ಎಂಥ ಹೇಳಿಕೆ ಎಂದುಕೊಂಡ. ಸಂಜೆ ಎತ್ತಿನ ಹಿಂಡಿ ಒಯ್ಯಲು ಊರಿಗೆ ಬಂದ ದೊಡ್ಡಪ್ಪ, ಬಾಗಿಲ ಮುಂದಿನ ಚಪ್ಪಲಿಗಳ ರಾಶಿ ನೋಡಿ ಹಾಗೇ ತಿರುಗಿ ಹೋದ. “ಉಣಲಾರದ ಹ್ವಾದ ನೋಡ್ರಿ, ಭಾಳ ಸೊಕ್ಕ” ಎಂದೇ ನಮ್ಮ ಮನೆಯಲ್ಲಿ ಈ ಕಥೆ ಮುಗಿಯುತ್ತಿತ್ತು. ನಾನೂ ಅದನ್ನೇ ನಂಬಿದ್ದೆ, ದೊಡ್ಡಪ್ಪ ಕೊಟ್ಟ ಹಣ್ಣನ್ನೂ ಬಿಡದೆ ಚೀಪುತ್ತಿದ್ದೆ. ಮಕ್ಕಳಿಗೆ ನಾಚಿಕೆ ಎಲ್ಲಿಯದು?

ನಮ್ಮ ಪಡಸಾಲೆಗೆ ಹತ್ತಿದ ಕೋಣೆಯಲ್ಲಿ ಸಾಲೆಯ ಟೀಚರು ಬಾಡಿಗೆಗಿದ್ದರು. ನಾವೆಲ್ಲ ಅಕ್ಕೋರು ಎನ್ನುತ್ತಿದ್ದೆವು. ಕ್ರಿಸ್ತ ಮತದವರು, ಊರಲ್ಲಿ ಚರ್ಚಿಲ್ಲದ್ದರಿಂದ ಭಾನುವಾರ ಕಟ್ಟೆಯ ಮೇಲೆ ಕೂತು ಸುವಾರ್ತೆಯನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು. ಅಪ್ಪನ ತಾಯಿ, ನಮ್ಮ ಆಯಿ, ಎದುರಿಗೆ ಜೋಳ ಕೇರುತ್ತ ಕೇಳುವಳು. ಕೇಳುವುದೇನು, ನಡುನಡುವೆ ಪಂಚಾಯಿತಿಯನ್ನೇ ಮಾಡುವಳು. ಒಂದು ದಿನ ಯೇಸು ಹೇಳಿದ ಇಬ್ಬರು ಮಕ್ಕಳ ಕಥೆ ಬಂತು. ಮನೆ ಬಿಟ್ಟು ಹೋಗಿ ಹಾಳಾದ ಕಿರಿಮಗ ಮರಳಿದಾಗ ತಂದೆ ಓಡಿಹೋಗಿ ಅಪ್ಪಿಕೊಂಡು ಔತಣ ಮಾಡಿಸುತ್ತಾನೆ. ಹಿರಿಮಗ ಹೊಲದಿಂದ ಬರುವಾಗ ಒಳಗಿನ ಹಾಡು ಕೇಳಿ, ಏನಿದೆಂದು ಆಳನ್ನು ವಿಚಾರಿಸಿ, ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ.

ಆಯಿಯ ಕೈಯಲ್ಲಿ ಮೊರ ನಿಂತಿತು. “ಅಲ್ಲರೀ ಅಕ್ಕೋರ, ಹೊಲಕ್ಕ ಹೋಗಿ ಅವಂಗ ಯಾರೂ ಹೇಳಿಲ್ಲೇನ್ರಿ?”

ಅಕ್ಕೋರು ಹಾಳೆಗಳನ್ನು ಹಿಂದೆ ಮುಂದೆ ತಿರುವಿದರು. “ಹೇಳಿದ್ದು ಇಲ್ಲೆ ಬರದಿಲ್ಲರಿ ಆಯಿ. ಆಮ್ಯಾಲ ಅಪ್ಪನೇ ಹೊರಗ ಬಂದು ಕರೀತಾನ್ರಿ.”

“ಮಗ ಒಳಗ ಬಂದ್ನೇನ್ರಿ?”

“ಕಥಿ ಅಲ್ಲಿಗೇ ನಿಂತೈತ್ರಿ.”

ಮರುದಿನ ಆಯಿ ಕುಂಕುಮದ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನನ್ನ ಕೈ ಹಿಡಿದು ಹೊಲಕ್ಕೆ ನಡೆದಳು. ಅಂದು ಮನೆಯಲ್ಲಿ ಯಾವ ಕಾರ್ಯವೂ ಇರಲಿಲ್ಲ. ಆದರೂ ದೊಡ್ಡಪ್ಪನ ಹಣೆಗೆ ಕುಂಕುಮವಿಟ್ಟು, “ಊಟಕ್ಕ ಬಾರಪಾ” ಎಂದಳು.

“ಅವತ್ತ ಎಲ್ಲಿದ್ದೆವ್ವಾ?” ಎಂದ ದೊಡ್ಡಪ್ಪ.

“ಒಳಗಿದ್ನೆಪಾ. ಒಳಗಿದ್ದವರಿಗೆ ಹೊರಗ ನಿಂತಾವ ಕಾಣಲಿಲ್ಲ. ತಪ್ಪಾತು.”

ಅವನು ತಲೆ ತಗ್ಗಿಸಿ, “ಬರ್ತೇನಿ, ನೀ ನಡಿ” ಎಂದ. ಬರಲಿಲ್ಲ. ಅವನಿಗೆ ಬೇಕಾಗಿದ್ದದ್ದು ತಮ್ಮನ ಬಾಯಿಂದ ಒಂದು ಮಾತು. ಅಪ್ಪನಿಗೋ ಆ ಹೊಲದ ದಾರಿ ಕಾಶಿಗಿಂತ ದೂರ. ಆಯಿ ಮಾತ್ರ ದಿನಾ ಎರಡು ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದಳು.

ಈಗ ನಾನು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಸುವಾರ್ತೆಯ ಕಥೆಗಳಲ್ಲಿ ಹೇಳುವವನು ಯಾರ ಕಣ್ಣಿನಿಂದ ನೋಡುತ್ತಾನೆ ಎಂಬುದೇ ನನ್ನ ಸಂಶೋಧನೆ. ಆ ಕಥೆಯನ್ನು ವಾಕ್ಯ ವಾಕ್ಯವಾಗಿ ಬಿಡಿಸಿ ನೋಡಿದ್ದೇನೆ. ದೂರದಲ್ಲಿ ಬರುವ ಕಿರಿಯವನನ್ನು ನಾವು ತಂದೆಯ ಕಣ್ಣಿನಿಂದ ಕಾಣುತ್ತೇವೆ. ಆಮೇಲೆ ಕಥೆ ತಟ್ಟನೆ ಹೊಲಕ್ಕೆ ಹೋಗಿ ನಮ್ಮನ್ನು ಹಿರಿಯವನ ಜೊತೆ ನಡೆಸುತ್ತದೆ. ಅಲ್ಲಿಂದ ಹಾಡು ನಮಗೂ ಕೇಳುತ್ತದೆ, ಹಾಡುವವರು ಕಾಣುವುದಿಲ್ಲ. ಇದನ್ನೇ ಎಷ್ಟೋ ಪುಟ ಬರೆದೆ. ಓದು ಬಾರದ ಆಯಿ ಜೋಳ ಕೇರುತ್ತ ಒಂದೇ ಪ್ರಶ್ನೆಯಲ್ಲಿ ಕೇಳಿ ಮುಗಿಸಿದ್ದಳು. ಅವಳನ್ನು ನೆನೆದರೆ ನನ್ನ ವಿದ್ಯೆಯೆಲ್ಲ ಸಣ್ಣದೆನಿಸುತ್ತದೆ.

ಅಕ್ಕೋರು ವರ್ಗವಾಗಿ ಹೋದರು. ಆ ಮನೆಯೂ ಈಗಿಲ್ಲ. ನಮ್ಮ ಕಥೆ ಮಾತ್ರ ಹೊರಗೇ ನಿಲ್ಲಲಿಲ್ಲ; ದೊಡ್ಡಪ್ಪ ಕಡೆಗೂ ಬಂದ, ಆಯಿ ತೀರಿಕೊಂಡ ದಿನ. ಬಾಗಿಲಾಚೆ ಜನರ ನಡುವೆ ನಿಂತಿದ್ದ. ಅಪ್ಪ ಆಯಿಯ ಪಕ್ಕದಿಂದ ಎದ್ದು ಹೊರಗೆ ಹೋಗಿ, “ಅಣ್ಣಾ, ಕರಿಯಾಕ ಬಂದೇನಿ. ಒಳಗ ಬಾ” ಎಂದ. ಇಬ್ಬರೂ ಕೈ ಹಿಡಿದುಕೊಂಡೇ ಹೊಸ್ತಿಲು ದಾಟಿದರು. ಪಡಸಾಲೆಯಲ್ಲಿ ಆಯಿಯನ್ನು, ತೀರಿಕೊಂಡವರನ್ನು ಕೂಡಿಸುವ ನಮ್ಮ ಪದ್ಧತಿಯಂತೆ, ಬಾಗಿಲ ಕಡೆಗೇ ಮುಖ ಮಾಡಿ ಕೂಡಿಸಿದ್ದರು. ಕಣ್ಣು ಮುಚ್ಚಿದ್ದವು.